ಟಿಕೆಟಿನ ಹಿಂಬದಿ



ಕೆಲವು ಚಳಿಗಾಲಗಳ ಹಿಂದೆ ನಮ್ಮ ಬಳಗದವರು ದೋಹಾದ ಕಾರ್ನಿಶ್‌ನಲ್ಲಿ ಒಂದು ಧೌ ದೋಣಿಯನ್ನು ಬಾಡಿಗೆಗೆ ಹಿಡಿದು ಸಂಜೆಯ ವಿಹಾರಕ್ಕೆ ಹೊರಟಿದ್ದೆವು. ಪುಳಿಯೋಗರೆ, ಕೋಸಂಬರಿಯ ಡಬ್ಬಿಗಳು, ಮಕ್ಕಳು ಮರಿ, ಊರಿನಿಂದ ಬಂದಿದ್ದ ಅಜ್ಜ ಅಜ್ಜಿಯರು, ಒಂದು ಹಾರ್ಮೋನಿಯಂ. ಹತ್ತುವ ಹೊತ್ತಿಗೆ ದೋಣಿಯಾತ ತಲೆ ಎಣಿಸಿ, ಮೂವತ್ತು ಜನ ಅಂದಿದ್ದಿರಿ, ನಲವತ್ತು ದಾಟಿದ್ದೀರಲ್ಲ ಎಂದು ಹಿಂದಿಯಲ್ಲಿ ಹೇಳಿದ. ಮಕ್ಕಳನ್ನು ಯಾಕಪ್ಪ ಲೆಕ್ಕಕ್ಕೆ ಹಿಡಿಯುತ್ತೀ ಎಂದು ನಮ್ಮವರೇ ಒಬ್ಬರು ನಗೆಯಾಡಿದರು. ಅವನೂ ನಕ್ಕು ಹಗ್ಗ ಬಿಚ್ಚಿದ. ತೇಲುವ ಜಾಕೆಟ್ಟುಗಳು ಎಲ್ಲಿವೆ ಎಂದು ನಾವು ಯಾರೂ ಕೇಳಲಿಲ್ಲ. ಏನೂ ಆಗಲಿಲ್ಲ, ಹಾಡಿ ಉಂಡು ಮನೆಗೆ ಬಂದೆವು.

ಏನಾದರೂ ಆಗಿದ್ದರೆ ತಪ್ಪು ಯಾರದಾಗುತ್ತಿತ್ತು? ಈ ಪ್ರಶ್ನೆ ನಮ್ಮನ್ನು ಆಮೇಲೆ ಬಹಳ ಕಾಡಿತು. ಯಾಕೆಂದರೆ ಪಕ್ಕದ ಬಹರೇನಿನಲ್ಲಿ ಇಂಥದೇ ಒಂದು ಸಂಜೆ ಬೇರೆ ರೀತಿ ಮುಗಿದಿತ್ತು. 2006ರ ಮಾರ್ಚ್ 30ರ ರಾತ್ರಿ ‘ಅಲ್ ದಾನಾ’ ಎಂಬ ವಿಹಾರದ ಧೌ ದಡಕ್ಕೆ ಹತ್ತಿರದಲ್ಲೇ ಮಗುಚಿಕೊಂಡಿತು. ಬಹರೇನಿನ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟುತ್ತಿದ್ದವರ ಸಂತೋಷಕೂಟ ಅದು. ನೂರಕ್ಕೂ ಹೆಚ್ಚು ಜನರಿದ್ದರು, 58 ಮಂದಿ ತೀರಿಕೊಂಡರು. ಅವರಲ್ಲಿ ಭಾರತೀಯರ ಸಂಖ್ಯೆಯೇ ದೊಡ್ಡದು. ಜನ ಹೆಚ್ಚಾಗಿದ್ದಾರೆಂಬ ಮಾತು ಹೊರಡುವ ಮೊದಲೇ ಬಂದಿತ್ತೆಂದು ಆಗಿನ ಪತ್ರಿಕೆಗಳು ಬರೆದವು. ನಮ್ಮ ದೋಣಿಯಲ್ಲೂ ಆ ಮಾತು ಬಂದಿತ್ತು. ನಾವು ನಕ್ಕೆವು.

ತಪ್ಪು ಸಾಗಿಸಿದವನದೋ, ಸಾಗಿದವನದೋ ಎಂಬ ಜಗಳ ಹೊಸದಲ್ಲ. ಭಾರತದ ಕಾನೂನು ಈ ವಿಷಯದಲ್ಲಿ ಬಹಳಷ್ಟನ್ನು ಇಂಗ್ಲೆಂಡಿನಿಂದ ಪಡೆದದ್ದರಿಂದ ಕಥೆಯನ್ನು ಅಲ್ಲಿಂದಲೇ ಹಿಡಿಯಬೇಕು. 1808ರಲ್ಲಿ ಲಂಡನ್ನಿನ ನ್ಯಾಯಾಲಯಕ್ಕೆ ಒಬ್ಬ ಗಂಡ ಬಂದ. ಬಾಡಿಗೆಯ ಕುದುರೆ ಸಾರೋಟು ಉರುಳಿ, ಪೆಟ್ಟು ತಿಂದ ಹೆಂಡತಿ ಸುಮಾರು ಒಂದು ತಿಂಗಳ ನಂತರ ಆಸ್ಪತ್ರೆಯಲ್ಲಿ ಸತ್ತಿದ್ದಳು. ಅವಳು ಬದುಕಿದ್ದ ಆ ದಿನಗಳ ನಷ್ಟಕ್ಕೆ ಮಾತ್ರ ಪರಿಹಾರ, ಸಾವಿಗೆ ಇಲ್ಲ ಎಂದರು ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ. ಪ್ರಯಾಣಿಕ ಗಾಯಗೊಂಡು ಉಳಿದರೆ ದಾವೆ ಹೂಡಬಹುದು, ಸತ್ತರೆ ದಾವೆಯೂ ಅವನೊಂದಿಗೇ ಸಾಯುತ್ತದೆ! ಈ ವಿಚಿತ್ರವನ್ನು ಇಂಗ್ಲೆಂಡಿನಲ್ಲಿ 1846ರ ಕಾಯಿದೆ ಸರಿಪಡಿಸಿತು. ಭಾರತಕ್ಕೆ ಅದೇ ಬಗೆಯ ಕಾಯಿದೆ 1855ರಲ್ಲಿ ಬಂತು. ಆಮೇಲೆ ಸತ್ತವನ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳಿಗೆ ಕೇಳುವ ಹಕ್ಕು ಸಿಕ್ಕಿತು.

ಇನ್ನೊಂದು ವಿಚಿತ್ರ ಇದಕ್ಕಿಂತ ಹಳೆಯದು. ಸಾಗಣೆದಾರನ ಕೈಗೆ ಒಂದು ಹತ್ತಿಯ ಮೂಟೆ ಕೊಟ್ಟರೆ, ದೈವಾಘಾತ, ಶತ್ರುಸೇನೆಯಂಥ ಕೆಲವೇ ಕಾರಣಗಳನ್ನು ಬಿಟ್ಟರೆ, ಅದು ಹಾಳಾದಾಗ ಅವನೇ ಹೊಣೆ. ಅವನ ತಪ್ಪನ್ನು ಯಾರೂ ಸಾಬೀತು ಮಾಡಬೇಕಿಲ್ಲ. ಮೂಟೆಯ ಪಕ್ಕ ಕೂತ ಮನುಷ್ಯನಿಗೆ ಆ ಭಾಗ್ಯವಿರಲಿಲ್ಲ. ಸಾಗಣೆದಾರ ತಕ್ಕ ಎಚ್ಚರ ವಹಿಸಿದ್ದರೆ ಸಾಕಿತ್ತು. 1869ರಲ್ಲಿ ರೈಲಿನ ಚಕ್ರವೊಂದು ಒಡೆದು ಗಾಯಗೊಂಡ ಪ್ರಯಾಣಿಕನಿಗೆ, ಚಕ್ರದೊಳಗಿನ ದೋಷ ಕಣ್ಣಿಗೆ ಕಾಣುವಂಥದಲ್ಲ, ಆದ್ದರಿಂದ ಕಂಪನಿ ಹೊಣೆಯಲ್ಲ ಎಂಬ ತೀರ್ಪು ಸಿಕ್ಕಿತು. ಮೂಟೆಗೆ ಕಣ್ಣಿಲ್ಲ, ಮನುಷ್ಯನಿಗೆ ಕಣ್ಣಿದೆ, ತನ್ನ ಜಾಗ್ರತೆ ತಾನು ನೋಡಿಕೊಳ್ಳಬಲ್ಲ ಎಂಬ ಭಾವನೆ ಈ ವ್ಯತ್ಯಾಸದ ಹಿಂದೆ ಇದ್ದಿರಬೇಕು. ಅದಷ್ಟೇ ಅಲ್ಲ, ಪ್ರಯಾಣಿಕನದೂ ಒಂದಿಷ್ಟು ತಪ್ಪಿದೆ ಎಂದಾದರೆ ಅವನ ಇಡೀ ದಾವೆಯೇ ಬಿದ್ದುಹೋಗುತ್ತಿತ್ತು. ತಪ್ಪನ್ನು ಪಾಲು ಹಾಕಿ ಪರಿಹಾರವನ್ನು ಅಷ್ಟೇ ಇಳಿಸುವ ನಿಯಮ ಇಂಗ್ಲೆಂಡಿನಲ್ಲಿ ಕಾಯಿದೆಯಾದದ್ದು 1945ರಲ್ಲಿ.

ಸಾಲದ್ದಕ್ಕೆ ಟಿಕೆಟ್ಟಿನ ಹಿಂಬದಿ. ಪಿ ಅಂಡ್ ಓ ಕಂಪನಿಯ ‘ಹಿಮಾಲಯ’ ಹಡಗಿನಲ್ಲಿ ಮೆಡಿಟರೇನಿಯನ್ ವಿಹಾರಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಮಹಿಳೆ 1952ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ಹಡಗಿನ ಏಣಿದಾರಿ ಕಳಚಿ ಕೆಳಗಿನ ಕಟ್ಟೆಗೆ ಬಿದ್ದರು. ಟಿಕೆಟ್ಟಿನಲ್ಲಿ, ಪ್ರಯಾಣದ ಅಪಾಯವೆಲ್ಲ ಪ್ರಯಾಣಿಕರದೇ ಎಂಬರ್ಥದ ಷರತ್ತಿತ್ತು. ಕಂಪನಿಯ ಮೇಲೆ ಹೋಗುವಂತಿಲ್ಲ. ಆಗ ಅವರ ವಕೀಲರು ಕ್ಯಾಪ್ಟನ್ನನ ಮೇಲೂ ಹಗ್ಗ-ಏಣಿಗಳ ಉಸ್ತುವಾರಿ ನೋಡುವ ಬೋಸನ್ನನ ಮೇಲೂ ಅವರವರ ಹೆಸರಿನಲ್ಲೇ ದಾವೆ ಹೂಡಿದರು. ಷರತ್ತು ಕಾಪಾಡುವುದು ಕಂಪನಿಯನ್ನು, ನೌಕರರನ್ನಲ್ಲ ಎಂದು 1954ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ವೈಯಕ್ತಿಕ ಹೊಣೆ ಎಂಬ ಮಾತು ತಿರುಗಿ ಹಡಗಿನವರ ಕೊರಳಿಗೇ ಬಂತು. ಕಂಪನಿಗಳು ಸುಮ್ಮನಿರಲಿಲ್ಲ. ನಮ್ಮ ನೌಕರರಿಗೂ ಇದೇ ರಕ್ಷಣೆ ಎಂಬ ಸಾಲನ್ನು ತಮ್ಮ ಕಾಗದಗಳಿಗೆ ಸೇರಿಸಿದವು. ಹಡಗು ವಕೀಲರು ಇಂದಿಗೂ ಅದನ್ನು ‘ಹಿಮಾಲಯ ಷರತ್ತು’ ಎನ್ನುತ್ತಾರೆ.

ಇನ್ನು ನಮ್ಮ ಕೊಲ್ಲಿಗೆ ಬರೋಣ. ವಿಮಾನ ಅಗ್ಗವಾಗುವ ಮೊದಲು ಇಲ್ಲಿಗೆ ಬರುತ್ತಿದ್ದವರ ದಾರಿ ಮುಂಬಯಿ ಬಂದರು. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು 1862ರಿಂದ ಟಪಾಲು ಹೊತ್ತು ಕೊಲ್ಲಿಗೆ ಓಡಾಡುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ದುಮ್ರಾ, ದ್ವಾರಕಾ, ದಾರಾ, ದಾರೆಸ್ಸಾ ಎಂಬ ನಾಲ್ಕು ಹಡಗುಗಳು ಮುಂಬಯಿಯಿಂದ ಬಸ್ರಾದ ತನಕ ಓಡಿದವು. ಕೊನೆಯದಾಗಿ ಉಳಿದ ದ್ವಾರಕಾ ನಿವೃತ್ತಿಯಾದದ್ದು 1982ರಲ್ಲಿ. ಹೆಚ್ಚಿನವರದು ಡೆಕ್ ಟಿಕೆಟ್ಟು. ಚಾಪೆ ಹಾಸಿದ ಕಡೆಯೇ ಮನೆ.

ಆ ನಾಲ್ಕರಲ್ಲಿ ‘ದಾರಾ’ದ ಗತಿ ಕೆಟ್ಟದ್ದು. 1961ರ ಏಪ್ರಿಲ್ 7ರಂದು ದುಬೈ ಬಳಿ ಲಂಗರು ಹಾಕಿದ್ದಾಗ ಬಿರುಗಾಳಿ ಎದ್ದಿತು. ಹಡಗನ್ನು ಉಳಿಸಿಕೊಳ್ಳಲು ಕ್ಯಾಪ್ಟನ್ ತೆರೆದ ಸಮುದ್ರಕ್ಕೆ ಒಯ್ದ. ಹತ್ತಿದ್ದವರಲ್ಲಿ ಎಲ್ಲರೂ ಪ್ರಯಾಣಿಕರಲ್ಲ. ನೆಂಟರನ್ನು ಬೀಳ್ಕೊಡಲು ಬಂದವರು, ವ್ಯಾಪಾರಕ್ಕೆ ಬಂದವರು, ಬಂದರಿನ ಕೆಲಸದವರು ಕೆಳಗಿಳಿಯಲಾಗದೆ ಉಳಿದಿದ್ದರು. ಮರುದಿನ ನಸುಕಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಸತ್ತವರು 238 ಎಂದು ಲೆಕ್ಕ. ಹೊತ್ತಿದ ಹಡಗನ್ನು ಎಳೆದೊಯ್ಯುತ್ತಿದ್ದಾಗ ಅದು ಮುಳುಗಿತು. ಯಾರೋ ಬೇಕೆಂದೇ ಇಟ್ಟ ಸ್ಫೋಟಕವೇ ಕಾರಣವೆಂಬುದು ಬಹುಮಟ್ಟಿಗೆ ಖಚಿತ ಎಂದು 1962ರಲ್ಲಿ ಬ್ರಿಟಿಷ್ ವಿಚಾರಣೆ ಹೇಳಿತು.

ಕಂಪನಿ ಎಷ್ಟು ಎಚ್ಚರ ವಹಿಸಬೇಕಿತ್ತು ಎಂದು ಟಿಕೆಟ್ಟು ಹಿಡಿದು ವಾದಿಸಬಹುದು. ಆದರೆ ಟಿಕೆಟ್ಟೇ ಇಲ್ಲದೆ, ತಮ್ಮನನ್ನು ಕಳಿಸಿಕೊಡಲು ಬಂದ ಅಣ್ಣ? ಹಡಗಿನ ಪಟ್ಟಿಯಲ್ಲಿ ಹೆಸರಿಲ್ಲದವನು ಸತ್ತನೆಂದು ತೋರಿಸುವುದೇ ಮೊದಲ ಕಷ್ಟ. ಅದೇ ಕಾಲದಲ್ಲಿ ಕೇರಳ, ಕಾಸರಗೋಡು ಕರಾವಳಿಯ ಕಡೆಯಿಂದ ಪಾಸ್‌ಪೋರ್ಟಿಲ್ಲದೆ ‘ಲಾಂಚ್’ ಹತ್ತಿ ಖೋರ್ ಫಕ್ಕಾನ್ ತೀರಕ್ಕೆ ಬಂದು, ಈಜಿ ದಡ ಸೇರಿದವರ ಕಥೆಗಳನ್ನು ನಾವು ಹಿರಿಯರಿಂದ ಕೇಳಿದ್ದೇವೆ. ಅವರಿಗೆ ಟಿಕೆಟ್ಟೂ ಇಲ್ಲ, ಅದರ ಹಿಂಬದಿಯೂ ಇಲ್ಲ. ಮುಳುಗಿದವರ ಲೆಕ್ಕ ಯಾವ ಕಚೇರಿಯಲ್ಲಿ ಸಿಕ್ಕೀತು? ಹೊಣೆಯೆಲ್ಲ ನಿನ್ನದೇ ಎಂಬುದರ ಕೊನೆಯ ಅರ್ಥ ಇದು.

ಜಗತ್ತು ಪಾಠ ಕಲಿತದ್ದು ನಿಧಾನಕ್ಕೆ. 1974ರ ಅಥೆನ್ಸ್ ಒಪ್ಪಂದ ಹಡಗು ಪ್ರಯಾಣಿಕರ ಹಕ್ಕನ್ನು ಕಸಿಯುವ ಷರತ್ತುಗಳನ್ನು ಅಸಿಂಧುವೆಂದಿತು, ಪ್ರಯಾಣಿಕನ ಸ್ವಂತ ತಪ್ಪಿಗೆ ತಕ್ಕಷ್ಟು ಪರಿಹಾರ ಕಡಿಮೆಯಾಗುವುದನ್ನೂ ಉಳಿಸಿಕೊಂಡಿತು. ಹಡಗು ಮುಳುಗುವಂಥ ದುರಂತಗಳಲ್ಲಿ ಒಂದು ಮಿತಿಯ ತನಕ ತಪ್ಪು ಸಾಬೀತು ಮಾಡದೆಯೇ ಪರಿಹಾರ ಎಂಬ 2002ರ ತಿದ್ದುಪಡಿ ಜಾರಿಗೆ ಬಂದದ್ದು 2014ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಇಟಲಿಯಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತಿದ್ದರು. ಅದರ ಕ್ಯಾಪ್ಟನ್‌ಗೆ 16 ವರ್ಷ ಸೆರೆಯಾಯಿತು. ಸಂಧಾನದ ಮೂಲಕ ಹತ್ತು ಲಕ್ಷ ಯೂರೋ ದಂಡ ಕಟ್ಟಿದ ಕಂಪನಿ ಕ್ರಿಮಿನಲ್ ವಿಚಾರಣೆಯಿಂದ ಹೊರಬಂತು.

ಇದೆಲ್ಲ ನಮ್ಮ ಮನೆಬಾಗಿಲಿಗೆ ಬಂದದ್ದು ಸಮುದ್ರದಿಂದಲ್ಲ, ಆಕಾಶದಿಂದ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು 8. ಇಳಿಯುವುದು ಬೇಡ, ಮತ್ತೆ ಏರೋಣ ಎಂದು ಸಹಪೈಲಟ್ ಮೂರು ಬಾರಿ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಲು ಹೋದದ್ದೇ ಕಾರಣ ಎಂದು ತನಿಖೆ ಹೇಳಿತು. ತಪ್ಪು ಮಾಡಿದವನೂ ಸತ್ತಿದ್ದ. ಉಳಿದದ್ದು ಕಂಪನಿ, ಮತ್ತು ಮಾಂಟ್ರಿಯಲ್ ಒಪ್ಪಂದ. ಭಾರತದಲ್ಲಿ ಅದು ಜಾರಿಯಾಗಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಒಪ್ಪಂದದಲ್ಲಿ ಒಂದು ಲಕ್ಷ ಎಸ್‌ಡಿಆರ್, ಅಂದರೆ ಆಗ ಸುಮಾರು 75 ಲಕ್ಷ ರೂಪಾಯಿ ಎಂಬ ಅಂಕಿ ಇತ್ತು. ಅಷ್ಟು ಎಲ್ಲರಿಗೂ ಸಿಗಲೇಬೇಕಾದ ಕನಿಷ್ಠವೋ, ಅಲ್ಲವೋ? 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಕನಿಷ್ಠ ಎಂದಿತು. ಕೆಲವೇ ವಾರಗಳಲ್ಲಿ ದ್ವಿಸದಸ್ಯ ಪೀಠ ಅಲ್ಲ, ನಷ್ಟವನ್ನು ತೋರಿಸಬೇಕು ಎಂದಿತು. ಈ ಒಂದು ಪದದ ಅಂತರ ಗಲ್ಫಿನ ಕೂಲಿಯವನ ಮನೆಗೂ ಮ್ಯಾನೇಜರನ ಮನೆಗೂ ನಡುವಿನ ಅಂತರ. ಹೆಚ್ಚು ಸಂಬಳದ ಅಧಿಕಾರಿಯೊಬ್ಬರ ಕುಟುಂಬ ಪಟ್ಟುಬಿಡದೆ ಹೋರಾಡಿ, 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಿಂದ 7.64 ಕೋಟಿ ರೂಪಾಯಿಯ ಆದೇಶ ಪಡೆಯಿತು. ಆದೇಶ ಬರುವಾಗ ದುರಂತಕ್ಕೆ ಹತ್ತು ವರ್ಷ ತುಂಬಲು ಎರಡೇ ದಿನ ಬಾಕಿ. ಸಂಬಳದ ಕಾಗದಗಳಿದ್ದವರಿಗೆ, ಕಾಯುವ ಶಕ್ತಿಯಿದ್ದವರಿಗೆ ದಾರಿ ಇತ್ತು. ತಿಂಗಳ ಸಂಬಳವನ್ನು ಕೈಯಲ್ಲೇ ಎಣಿಸಿಕೊಳ್ಳುತ್ತಿದ್ದವನ ನಷ್ಟವನ್ನು ಮನೆಯವರು ಯಾವ ಕಾಗದದಿಂದ ತೋರಿಸಬೇಕು?

2022ರ ವಿಶ್ವಕಪ್ಪಿನ ದಿನಗಳಲ್ಲಿ ದೋಹಾದ ಹಳೆಯ ಬಂದರಿನಲ್ಲಿ ಎಂಎಸ್‌ಸಿ ಕಂಪನಿಯ ವಿಹಾರ ಹಡಗುಗಳು ಹೋಟೆಲಾಗಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಅವುಗಳಲ್ಲಿ ‘ವರ್ಲ್ಡ್ ಯೂರೋಪ’ಕ್ಕೆ ನಾಮಕರಣವಾದದ್ದೂ ಇಲ್ಲೇ. ಚಳಿಗಾಲದಲ್ಲಿ ಅಂಥ ಹಡಗು ಹತ್ತುವ ಕುಟುಂಬಗಳು ನಮ್ಮಲ್ಲೂ ಇವೆ. ಡೆಕ್ಕಿನ ಚಾಪೆಯಿಂದ ಕ್ಯಾಬಿನ್ನಿನ ಬಾಲ್ಕನಿಗೆ ಬಂದಿದ್ದೇವೆ. ಟಿಕೆಟ್ಟಿನ ಹಿಂಬದಿಯನ್ನು ಓದುವ ಅಭ್ಯಾಸ ಮಾತ್ರ ಇನ್ನೂ ಬಂದಿಲ್ಲ.

ನಾವು ಕಂಡುಕೊಂಡದ್ದು ಇಷ್ಟು. ಹೊಣೆ ಪ್ರಯಾಣಿಕನದೇ ಎಂದು ಸಾಗಿಸುವವರು ಹೇಳಿದಾಗ ಅದು ಬಹುತೇಕ ಅವರ ಹೊಣೆಯನ್ನು ಇಳಿಸಿಕೊಳ್ಳುವ ಮಾತು. ನ್ಯಾಯಾಲಯಗಳಿಗೂ ಒಪ್ಪಂದಗಳಿಗೂ ಇದನ್ನು ಅರಿಯಲು ಇನ್ನೂರು ವರ್ಷ ಬೇಕಾಯಿತು. ಹಾಗೆಂದು ಪ್ರಯಾಣಿಕನಿಗೆ ಹೊಣೆಯೇ ಇಲ್ಲವೆಂದಲ್ಲ. ಅವನದು ಸಣ್ಣದು, ಆದರೆ ಅವನೇ ಹೊರಬೇಕಾದದ್ದು. ತನ್ನ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡುವುದು, ಸಂಬಳದ ಕಾಗದ ಮನೆಯವರಿಗೆ ಸಿಗುವಂತೆ ಇಡುವುದು, ದುಃಖದ ಮೊದಲ ವಾರದಲ್ಲಿ ಮುಂದಿಟ್ಟ ರಸೀದಿಗೆ ಓದದೆ ಸಹಿ ಮಾಡದಿರುವುದು, ಈ ಎರಡು ಒಪ್ಪಂದಗಳಡಿ ದಾವೆಗೆ ಎರಡೇ ವರ್ಷ ಗಡುವು ಎಂದು ನೆನಪಿಡುವುದು. ದೋಣಿಯಾತ ತಲೆ ಎಣಿಸಿದಾಗ ನಗದಿರುವುದು.

ಕಳೆದ ಚಳಿಗಾಲದ ವಿಹಾರಕ್ಕೆ ನಾವು ಎರಡು ದೋಣಿ ಹಿಡಿದೆವು. ಮಕ್ಕಳ ಹೆಸರನ್ನೂ ಪಟ್ಟಿಯಲ್ಲಿ ಬರೆದೆವು. ಹಾರ್ಮೋನಿಯಂ ಒಂದೇ ಇದ್ದದ್ದರಿಂದ ಇನ್ನೊಂದು ದೋಣಿಯವರು ಸ್ವಲ್ಪ ಮುನಿಸಿಕೊಂಡರು, ಅಷ್ಟೆ.

ನಮ್ಮ ಓದುಗರ ಮನೆಗಳಲ್ಲಿ ದ್ವಾರಕಾ ಅಥವಾ ದುಮ್ರಾ ಹಡಗಿನಲ್ಲಿ ಬಂದ ಹಿರಿಯರಿದ್ದರೆ ಆ ಪ್ರಯಾಣದ ನೆನಪನ್ನು ಬರೆದು ಕಳಿಸಿ. ಟಿಕೆಟ್ಟು ಉಳಿದಿದ್ದರೆ ಎರಡೂ ಬದಿಯ ಚಿತ್ರ ತೆಗೆದು ಕಳಿಸಿ.