ಭೂಮಿ ಕಾಯುವುದು ನಿಂತಿತ್ತೇ?

2009ರ ಅಕ್ಟೋಬರ್ ನೆರೆಯಲ್ಲಿ ರಾಯಚೂರು ಜಿಲ್ಲೆಯ ನದಿದಂಡೆಯ ಹಳ್ಳಿಗಳು ಮುಳುಗಿದವು. ಆ ವರ್ಷದಿಂದಲೇ ಲೆಕ್ಕ ಹಿಡಿದರೆ ದೇವದುರ್ಗ ಗಡಿಯ ಕೃಷ್ಣೆ, ಮಾನ್ವಿ ಗಡಿಯ ತುಂಗಭದ್ರೆ ಎರಡೂ ಬತ್ತುತ್ತ ಬಂದಂತೆ ಕಂಡೀತು. ಇಲ್ಲಿನ ರೈತರು ಈ ಲೆಕ್ಕ ಒಪ್ಪಲಾರರು.

ಭೂಮಿಯ ತಾಪಮಾನ ಏರಿಕೆ ನಿಧಾನಗೊಂಡಿದೆ ಎಂಬ ವಾದ ಹುಟ್ಟಿದ್ದು ಬಹುಮಟ್ಟಿಗೆ ಇಂಥ ಲೆಕ್ಕದಿಂದಲೇ. ಶಾಂತಸಾಗರದ ಮೇಲ್ಮೈ ನೀರು ಅತಿಯಾಗಿ ಕಾಯುವ ‘ಎಲ್ ನಿನೊ’ದಿಂದಾಗಿ 1998 ವಿಪರೀತ ಬಿಸಿ ವರ್ಷವಾಗಿತ್ತು. ಅಲ್ಲಿಂದ 2012ರವರೆಗೆ ಎಣಿಸಿದರೆ ಏರಿಕೆ ದಶಕಕ್ಕೆ ಸುಮಾರು 0.05 ಡಿಗ್ರಿ ಸೆಲ್ಸಿಯಸ್. 1951ರಿಂದ ಎಣಿಸಿದರೆ 0.12 ಡಿಗ್ರಿ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2013ರಲ್ಲಿ ತಿಳಿಸಿತು.

ಹಡಗುಗಳಿಂದಲೂ ತೇಲು ಮಾಪಕಗಳಿಂದಲೂ ದೊರೆತ ಅಳತೆಗಳ ವ್ಯತ್ಯಾಸ ಸರಿಪಡಿಸಿದ ಅಮೆರಿಕದ ನೋವಾ ಸಂಸ್ಥೆಯ ವಿಜ್ಞಾನಿಗಳು, ನಿಧಾನಗತಿ ಕಾಣುವುದಿಲ್ಲವೆಂದು 2015ರಲ್ಲಿ ಸಾರಿದರು. ತಾತ್ಕಾಲಿಕ ನಿಧಾನ ನಿಜವೆಂದು ಮರುವರ್ಷ ಬೇರೆ ವಿಜ್ಞಾನಿಗಳು ವಾದಿಸಿದರು. ಆದರೆ ಹೆಚ್ಚುವರಿ ಶಾಖದ ಶೇ 90ಕ್ಕೂ ಅಧಿಕ ಪಾಲು ಸಮುದ್ರ ಸೇರುತ್ತಲೇ ಇತ್ತು. ಇಂಗಾಲದ ಹೊಗೆಯೂ ನಿಂತಿರಲಿಲ್ಲ. ರಾಯಚೂರು ಬಳಿಯ ಶಕ್ತಿನಗರದಲ್ಲೇ ಆ ಅವಧಿಯಲ್ಲಿ ಹೊಸ ಕಲ್ಲಿದ್ದಲು ಘಟಕಗಳು ಆರಂಭವಾದವು.

2024ನೇ ಇಸವಿ ದಾಖಲೆಯ ಬಿಸಿ ವರ್ಷವಾಯಿತು. ಹೊಲದ ಕೂಲಿಯ ವೇಳೆ, ಕುಡಿಯುವ ನೀರಿನ ಯೋಜನೆ ನಿರ್ಧರಿಸುವವರು ಯಾವ ವರ್ಷದಿಂದ ಎಣಿಸುತ್ತಾರೆ ಎಂಬುದು ಈ ಬಿಸಿಲ ನಾಡಿಗೆ ಅದಕ್ಕಾಗಿಯೇ ಮುಖ್ಯ.