ರೂಮ್ ಹುಡುಕೋ ಇತಿಹಾಸ: ಗೋಕಾಕ ಫಾಲ್ಸ್‌ನಿಂದ ಬೆಂಗಳೂರು ಪಿಜಿ ತನಕ

1/7
ನಮ್ಮ ಬ್ಯಾಚಿನ ಅರ್ಧ ಮಂದಿ ಈಗ ಕೆಲಸಕ್ಕಂತ ಊರು ಬಿಡಾಕತ್ತಾರ. ದಡ್ಡಿ, ಹುಕ್ಕೇರಿ, ಗೋಕಾಕ, ಮೂಡಲಗಿ, ಎಲ್ಲಾ ಕಡೆಯಿಂದ. ಗ್ರೂಪಿನ್ಯಾಗ ದಿನಾ ಒಂದೇ ಪ್ರಶ್ನೆ: ಎಲ್ಲಿ ಇರೋದು? ಪಿಜಿ ಹಿಡಿಯೋದೋ, ನಾಲ್ಕು ಮಂದಿ ಕೂಡಿ ರೂಮ್ ಮಾಡೋದೋ, ಕಾಕಾನ ಮನಿಯೊಳಗ ಇರೋದೋ? ಆಫೀಸ್ ಹತ್ರ ಇದ್ರ ಬಾಡಿಗಿ ಜಾಸ್ತಿ, ದೂರ ಹೋದ್ರ ದಿನಕ್ಕ ಮೂರು ತಾಸು ಬಸ್ಸಿನ್ಯಾಗ.

ಈ ಪ್ರಶ್ನೆ ಹೊಸದಲ್ಲ. ನಮ್ಮ ಭಾಗದಿಂದ ಹರೆಯದವರು ಕೆಲಸಕ್ಕೆ ಹೋಗೋದು ಶುರುವಾಗಿ ನೂರು ವರ್ಷದ ಮೇಲಾಯ್ತು. ಅವರೆಲ್ಲ ಎಲ್ಲಿ ಮಲಗಿದರು, ಎಲ್ಲಿ ಉಂಡರು, ಮನೆಯ ಕೀಲಿ ಯಾರ ಕೈಯಲ್ಲಿತ್ತು? ಈ ಸರಣಿ ಅದರ ಬಗ್ಗೆ. ಪೂರ್ತಿ ಓದ್ರಿ, ಕಡೇಕ ನಿಮಗ ಕೆಲಸಕ್ಕ ಬರೋ ನಾಲ್ಕು ಪ್ರಶ್ನೆ ಅದಾವ.

2/7: ಕೆಲಸದ ಜೊತೆ ಬಂದ ಮನೆ
ದಡ್ಡಿ ಮುಂದೆ ಹರಿಯೋ ಘಟಪ್ರಭಾ ಹಿಡಕಲ್ ದಾಟಿ ಗೋಕಾಕಕ್ಕೆ ಹೋದಾಗ ಸುಮಾರು 52 ಮೀಟರ್ ಕೆಳಗೆ ಧುಮುಕ್ತದ. ಆ ನೀರಿನ ಬಲ ನೋಡಿಯೇ 1885ರಲ್ಲಿ ಅಲ್ಲಿ ಕಂಪನಿ ಹುಟ್ಟಿತು, 1887ರಲ್ಲಿ ಗಿರಣಿ ಓಡಿತು. ಮುಂಬೈ ಗಿರಣಿಗಳು ಕಲ್ಲಿದ್ದಲು ಸುಡುತ್ತಿದ್ದ ಕಾಲದಲ್ಲಿ ನಮ್ಮ ಗಿರಣಿ ಹೊಳಿ ನೀರಿನ ಮೇಲೆ ನಡೀತು.

ಆದರೆ ಫಾಲ್ಸ್ ಹತ್ರ ಪಟ್ಟಣ ಇರಲಿಲ್ಲ. ಬಂಡೆ, ಕಣಿವೆ, ಹೊಳಿ ಅಷ್ಟ. ಕೆಲಸಗಾರರು ಬೇಕಂದ್ರ ಅವರಿಗೆ ಇರೋ ಜಾಗವೂ ಬೇಕು. ಹಿಂಗಾಗಿ ಗಿರಣಿ ಪಕ್ಕದಲ್ಲೇ ಕೆಲಸಗಾರರ ಕಾಲೋನಿ ಬೆಳೀತು. ನಡೆದು ಹೋಗುವಷ್ಟು ಹತ್ರ, ಬಾಡಿಗಿ ತಲೆಬಿಸಿ ಕಡಿಮಿ. ಈಗ ನಾವು ಹುಡುಕೋದೂ ಇದನ್ನೇ ಅಲ್ಲೇನು?

ಇದರ ಇನ್ನೊಂದು ಮುಖಾನೂ ಐತಿ. ಮಾಲೀಕ ಮತ್ತು ಮನೆಯ ಯಜಮಾನ ಒಬ್ಬನೇ ಆದಾಗ ಕೆಲಸ ಹೋದರೆ ಸೂರೂ ಹೋಗ್ತದ. ಜಗತ್ತಿನ ಎಲ್ಲಾ ಕಂಪನಿ ಕಾಲೋನಿಗಳಲ್ಲೂ ಸಂಪು ಮಾಡೋ ಮುಂಚೆ ಕೆಲಸಗಾರ ಮನಿ ಕಡೆ ಒಂದು ಸಲ ತಿರುಗಿ ನೋಡಬೇಕಾಗಿತ್ತು. ಇವತ್ತು ಕಂಪನಿ ಗೆಸ್ಟ್‌ಹೌಸ್, ಕಂಪನಿ ಕೊಡೋ ಪಿಜಿ ಸಿಕ್ಕಾಗ ಇದು ನೆನಪಿರಲಿ.

3/7: ಊರಿನ ಹೆಸರಿನ ಖೋಲಿ
1956ರ ತನಕ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದೊಳಗೆ ಇತ್ತು. ಅಂದ್ರ ನಮ್ಮ ಅಜ್ಜಂದಿರಿಗೆ ರಾಜಧಾನಿ ಬೆಂಗಳೂರಲ್ಲ, ಮುಂಬೈ. ಅಲ್ಲಿ 1854ರಲ್ಲೇ ಮೊದಲ ಬಟ್ಟೆ ಗಿರಣಿ ಕಂಪನಿ ಶುರುವಾಗಿತ್ತು. ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತ ಗಿರಣಗಾಂವ್ ಎದ್ದಿತು.

ಜನ ಬಂದರು, ಮನಿ ಇರಲಿಲ್ಲ. 1896ರಲ್ಲಿ ಪ್ಲೇಗ್ ಬಿತ್ತು. ಗಾಳಿ ಬೆಳಕು ಇಲ್ಲದ ಒತ್ತೊತ್ತಿನ ಖೋಲಿಗಳ ಮೇಲೆ ಆಗ ಸರ್ಕಾರದ ಕಣ್ಣು ಬಿತ್ತು. 1898ರಲ್ಲಿ ಸುಧಾರಣಾ ಟ್ರಸ್ಟ್ ಬಂತು. 1920ರ ದಶಕದಲ್ಲಿ ಬಿಡಿಡಿ ಚಾಳ್‌ಗಳು ಎದ್ದವು: ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿ ಸೇರಿ 207 ಕಟ್ಟಡ. ಒಂದು ಖೋಲಿ ಸುಮಾರು 160 ಚದರ ಅಡಿ. ನೀರು, ಪಾಯಖಾನೆ ಎಲ್ಲರಿಗೂ ಕೂಡಿ. ನಮ್ಮ ತ್ರೀ ಶೇರಿಂಗ್ ಪಿಜಿಯ ಮುತ್ತಜ್ಜ ಇದೇ.

ದಡ್ಡಿಯಿಂದ ಗಡಿ ಭಾಳ ದೂರಿಲ್ಲ. ಆಚೆ ಗಡಹಿಂಗ್ಲಜ, ಆಜರಾ, ಚಂದಗಡ. ಆ ಹಳ್ಳಿಗಳವರು ಮುಂಬೈನಲ್ಲಿ ಊರಿನ ಹೆಸರಲ್ಲೇ ಖೋಲಿ ಹಿಡಿದರು. ಊರಿಂದ ಯಾವ ಹುಡುಗ ಬಂದರೂ ಅಲ್ಲಿಗೆ ಹೋಗೋದು. ತಿಂಗಳಿಗೆ ಇಷ್ಟು ಅಂತ ವಂತಿಗೆ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹಗಲು ಪಾಳಿಯವ ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವ ಬಂದು ಮಲಗ್ತಿದ್ದ. ಡಿಪಾಸಿಟ್ ಇಲ್ಲ, ಬ್ರೋಕರ್ ಇಲ್ಲ. ಊರಿನ ಹೆಸರೇ ಜಾಮೀನು.

ಊಟಕ್ಕ ಖಾನಾವಳಿ. ಬಹಳಷ್ಟು ಖಾನಾವಳಿ ನಡೆಸಿದವರು ಹೆಣ್ಣುಮಕ್ಕಳು, ತಮ್ಮದೇ ಸಣ್ಣ ಖೋಲಿಯೊಳಗ ಹತ್ತಾರು ಮಂದಿಗೆ ಅಡಗಿ ಮಾಡಿ ಹಾಕಿದವರು. ಅವರು ಸಾಲದ ಸುಳಿಯಲ್ಲಿ ಸಿಕ್ಕದ್ದನ್ನ ನೋಡಿ 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. 1982ರ ದೊಡ್ಡ ಸಂಪಿನ ನಂತರ ಗಿರಣಿಗಳು ಒಂದೊಂದಾಗಿ ನಿಂತವು. ಖೋಲಿಯ ಗೆಳೆಯರು ಊರಿಗೆ ತಿರುಗಿ ಬಂದರು.

4/7: ಜಾತಿಗೊಂದು ಬೋರ್ಡಿಂಗ್
ಓದೋ ಹುಡುಗರ ಕತಿ ಬೇರೆ. ಪ್ಯಾಟ್ಯಾಗ ಸಾಲಿ ಇದ್ದರೂ ಇರಾಕ ಜಾಗ ಇಲ್ಲಂದ್ರ ಓದು ಅಲ್ಲೇ ನಿಲ್ತಿತ್ತು. ಕೊಲ್ಹಾಪುರದ ಶಾಹು ಮಹಾರಾಜರು ಇದನ್ನ ಹಿಡಿದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ಶುರುವಾಯ್ತು. ಆಮೇಲೆ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರೆಂದು ದೂರ ಇಟ್ಟ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ನಮ್ಮ ಕಡೆ ಬೆಳಗಾವಿ, ಧಾರವಾಡದ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಮಾಸ್ತರು, ವಕೀಲರು, ಡಾಕ್ಟರು ಆದವರು ಎಷ್ಟೋ ಮಂದಿ. ನಿಮ್ಮ ಮನ್ಯಾಗೂ ಒಬ್ಬರು ಇದ್ದೇ ಇರ್ತಾರ.

ಈ ಬೋರ್ಡಿಂಗ್‌ಗಳು ಬಡ ಹುಡುಗರಿಗೆ ಬಾಗಿಲು ತೆರೆದವು. ಆದರೆ ಬಾಗಿಲ ಮೇಲೆ ಜಾತಿ ಹೆಸರು ಬರೆದಿತ್ತು. ಯಾಕಂದ್ರ ಕೂಡಿ ಉಣ್ಣೋದನ್ನ ಸಮಾಜ ಒಪ್ಪುತ್ತಿರಲಿಲ್ಲ. ಬಾಡಿಗಿ ಮನಿ ಕೇಳಾಕ ಹೋದಾಗ ಇವತ್ತಿಗೂ 'ನೀವು ಯಾವ ಪೈಕಿ?' ಅಂತ ಕೇಳ್ತಾರಲ್ಲ, ಆ ಪ್ರಶ್ನೆಯ ವಯಸ್ಸು ಇಷ್ಟು ದೊಡ್ಡದು.

5/7: ಬರೋಡಾ, 1917
ಕೆಲಸಕ್ಕಂತ ಊರು ಬದಲಿಸಿ ರೂಮ್ ಹುಡುಕಿದ ಒಬ್ಬ ಯುವಕನ ಕತಿ ಎಲ್ಲರಿಗೂ ಗೊತ್ತಿರಬೇಕು. ವಯಸ್ಸು 26. ನ್ಯೂಯಾರ್ಕ್, ಲಂಡನ್‌ನಲ್ಲಿ ಓದಿ ಬಂದಿದ್ದ. ಬರೋಡಾ ಸಂಸ್ಥಾನದಲ್ಲಿ ದೊಡ್ಡ ಹುದ್ದೆ. ಹೆಸರು ಭೀಮರಾವ್ ಅಂಬೇಡ್ಕರ್.

ಊರೊಳಗೆ ಯಾರೂ ಜಾಗ ಕೊಡೋದಿಲ್ಲ ಅಂತ ಗೊತ್ತಿತ್ತು. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿ ಉಳಿದುಕೊಂಡರು. ಹನ್ನೊಂದನೇ ದಿನ ಬಡಿಗೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅಂತು. ಇಬ್ಬರು ಗೆಳೆಯರನ್ನ ಕೇಳಿದರು, ಒಬ್ಬರು ಹಿಂದೂ, ಒಬ್ಬರು ಕ್ರಿಶ್ಚಿಯನ್. ಇಬ್ಬರೂ ಏನೋ ಕಾರಣ ಹೇಳಿದರು. ಮುಂಬೈ ರೈಲು ರಾತ್ರಿಗೆ. ಅಲ್ಲಿ ತನಕ ಊರಿನ ಉದ್ಯಾನದಲ್ಲಿ ಕೂತರು, ಆಮೇಲೆ ಕೆಲಸ ಬಿಟ್ಟು ರೈಲು ಹತ್ತಿದರು. ಡಿಗ್ರಿ ಇತ್ತು, ಪಗಾರ ಇತ್ತು, ರಾಜರ ಬೆಂಬಲ ಇತ್ತು. ಒಂದು ರೂಮ್ ಸಿಗಲಿಲ್ಲ.

ಮುಂಬೈನಲ್ಲಿ ಅವರು ವರ್ಷಗಟ್ಟಲೆ ಇದ್ದದ್ದು ಪರೇಲ್‌ನ ಚಾಳ್‌ನಲ್ಲಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದರ ಮೊದಲ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ವಿದ್ಯಾರ್ಥಿ ವಸತಿಗೃಹ. ಅದೇ ವರ್ಷ ಏಪ್ರಿಲ್‌ನಲ್ಲಿ ಸಭಾದ ಪ್ರಾಂತೀಯ ಸಮಾವೇಶಕ್ಕೆ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದಿದ್ದರು. ಹೈವೇ ಮೇಲೆ ನಾವು ಚಹಾ ಕುಡಿದು ದಾಟಿ ಹೋಗೋ ಅದೇ ನಿಪ್ಪಾಣಿ.

1955ರ ನಾಗರಿಕ ಹಕ್ಕುಗಳ ಕಾನೂನು ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೂ ಒಂದು ಓಣಿಯಲ್ಲಿ ವಾಸ ಮಾಡದಂತೆ ತಡೆಯೋದನ್ನ ಅಪರಾಧ ಅಂತ ಹೇಳ್ತದ. ಬಾಗಿಲಲ್ಲಿ ನಿಂತು 'ಈಗ ಬ್ಯಾರೆಯವರು ಬುಕ್ ಮಾಡ್ಯಾರ' ಅಂದ್ರ ಸಾಬೀತು ಮಾಡೋದು ಮಾತ್ರ ಕಷ್ಟ.

6/7: ಹನ್ನೊಂದು ತಿಂಗಳ ಗುಟ್ಟು
1956ರ ನವೆಂಬರ್ 1ರ ನಂತರ ನಮ್ಮ ದಾರಿ ನಿಧಾನಕ್ಕೆ ಬೆಂಗಳೂರು ಕಡೆ ತಿರುಗಿತು. ಅಲ್ಲಿ ಕೇಳೋ ಎರಡು ಮಾತಿಗೂ ಇತಿಹಾಸ ಐತಿ.

ಒಂದು, ಅಗ್ರಿಮೆಂಟ್ ಯಾಕ 11 ತಿಂಗಳು? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಆ ಖರ್ಚು, ಓಡಾಟ ತಪ್ಪಿಸಾಕ 11 ತಿಂಗಳಿಗೆ ಬರೀತಾರ.

ಎರಡು, ಡಿಪಾಸಿಟ್. ಮುಂಬೈನಲ್ಲಿ 1947ರ ಕಾಯ್ದೆ ಬಾಡಿಗೆಯನ್ನ 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆ ಏರಿಸೋಕೆ ಆಗದ ಮಾಲೀಕರು ಮುಂಗಡವಾಗಿ 'ಪಗಡಿ' ಅಂತ ದೊಡ್ಡ ಗಂಟು ಕೇಳಿದರು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳೋದು ರೂಢಿಯಾಯ್ತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಡಿಪಾಸಿಟ್ ಸಾಕು ಅಂತದ, ಆದರೆ ರಾಜ್ಯ ಅದನ್ನ ಕಾನೂನು ಮಾಡಿದರೆ ಮಾತ್ರ ಜಾರಿ. ಮೊದಲ ಪಗಾರ ಕೈಗೆ ಬರೋ ಮುಂಚೆ ಹತ್ತು ತಿಂಗಳ ಬಾಡಿಗಿ ಎಲ್ಲಿಂದ ತರೋದು? ಪಿಜಿಗಳು ಬೆಳೆಯಾಕ ಇದೂ ಒಂದು ಕಾರಣ.

ನಮ್ಮ ಗೆಳತಿಯರಿಗೆ ಇನ್ನೊಂದು ಮಾತು. ದುಡಿಯುವ ಮಹಿಳೆಯರ ಹಾಸ್ಟೆಲ್‌ಗಳಿಗೆ ಕೇಂದ್ರ ಸರ್ಕಾರದ ನೆರವು 1972-73ರಿಂದ ಐತಿ. ಹೊಸ ಊರಿಗೆ ಹೋದಾಗ ಅಂಥದ್ದು ಐತೇನು ಅಂತ ಮೊದಲು ಕೇಳ್ರಿ.

7/7: ಹಂಗಾದ್ರ ಎಲ್ಲಿ ಇರೋದು?
ನಮ್ಮ ಆಡುಮಾತಿನಲ್ಲಿ ದಡ್ಡಿ ಅಂದ್ರ ಕುರಿ-ದನ ಕೂಡಿಹಾಕೋ ಜಾಗ. ಕೆಲವು ಪಿಜಿ ಫೋಟೋ ನೋಡಿದ್ರ ನಮ್ಮೂರ ಹೆಸರೇ ನೆನಪಾಗ್ತದ! ನಗೋದು ಬಿಟ್ಟು ಈ ನಾಲ್ಕು ಪ್ರಶ್ನೆ ಬರಕೊಳ್ರಿ.

ಕೆಲಸ ಹೋದ್ರ ಮನಿ ಉಳಿತೈತೇನು? (ಗೋಕಾಕ ಫಾಲ್ಸ್ ಕಲಿಸಿದ್ದು.)
ಜ್ವರ ಬಂದ ದಿನ ಗಂಜಿ ಕೊಡಾಕ ಯಾರರ ಅದಾರೇನು? (ಊರ ಖೋಲಿ ಕಲಿಸಿದ್ದು.)
ನಿಜವಾದ ಹೆಸರು ಹೇಳಿ ಇರಬಹುದೇನು? (ಬರೋಡಾ ಕಲಿಸಿದ್ದು.)
ಬಿಡೋವಾಗ ರೊಕ್ಕ ತಿರುಗಿ ಬರ್ತೈತೇನು, ಅದು ಕಾಗದದ ಮೇಲೆ ಐತೇನು? (ಪಗಡಿ ಕಲಿಸಿದ್ದು.)

ಬಾಡಿಗಿ ಎಷ್ಟು, ವೈಫೈ ಐತೇನು ಅನ್ನೋದು ಇವುಗಳ ನಂತರ. ನನ್ನ ಲೆಕ್ಕ ಕೇಳಿದ್ರ, ಮೊದಲ ಮೂರು ತಿಂಗಳು ಪಿಜಿ, ಆಮೇಲೆ ಊರು ಗೊತ್ತಾದ ಮೇಲೆ ನಾಲ್ಕು ಮಂದಿ ಕೂಡಿ ಒಂದು ಮನಿ. ಆ ನಾಲ್ಕರಲ್ಲಿ ಒಬ್ಬರಿಗೆ ಜಾತಿ, ಧರ್ಮದ ಕಾರಣಕ್ಕ ಮನಿ ಕೊಡಲ್ಲ ಅಂದ್ರ ಉಳಿದ ಮೂವರೂ ಅಲ್ಲಿ ಹೋಗಬಾರದು. ಈ ಒಂದು ಮಾತು ರೂಮ್ ಹುಡುಕೋ ಮುಂಚೆನೇ ಮಾಡ್ಕೊಳ್ಳೋಣ.

ನಿಮ್ಮ ಅಜ್ಜ, ಕಾಕಾ, ಮಾವ ಯಾರರ ಮುಂಬೈ, ಪುಣೆ ಖೋಲಿಯೊಳಗ ಇದ್ದವರು ಇದ್ರ ಈ ಐತವಾರ ಕೂತು ಕೇಳ್ರಿ: ಎಷ್ಟು ಮಂದಿ ಇದ್ರಿ, ಬಾಡಿಗಿ ಎಷ್ಟು, ಊಟ ಎಲ್ಲಿ? ಕೇಳಿದ್ದನ್ನ ಬರೆದಿಡ್ರಿ. ನಮ್ಮ ಭಾಗದ ಈ ಇತಿಹಾಸ ಇನ್ನೂ ಅವರ ಬಾಯಲ್ಲೇ ಐತಿ.

#ದಡ್ಡಿ #ಗೋಕಾಕ #ಹುಕ್ಕೇರಿ #ಮೂಡಲಗಿ #ರೂಮ್_ಇತಿಹಾಸ