ನಾಲ್ಕು ಕುಲ ದಾಟಿ ಬಂದ ಶೋಲಾಕಿಳಿ

ಪಶ್ಚಿಮ ಘಟ್ಟದ ನೆತ್ತಿಯಲ್ಲಿ, ಹುಲ್ಲುಗುಡ್ಡಗಳ ಮಡಿಕೆಗಳಲ್ಲಿ ಅಡಗಿರುವ ಶೋಲಾ ಕಾಡುಗಳನ್ನು ಬಿಟ್ಟು ಬೇರೆಲ್ಲೂ ಕಾಣದ ಪುಟ್ಟ ಹಾಡುಹಕ್ಕಿ ನೀಲಗಿರಿ ಶೋಲಾಕಿಳಿ. ಬೆನ್ನು, ಎದೆ ಗಾಢ ನೀಲಿ, ಪಕ್ಕೆಗಳು ಕಾವಿಗೆಂಪು, ಹೊಟ್ಟೆಯ ನಡುಭಾಗ ಬಿಳಿ. ಉದ್ದ ಕಾಲುಗಳ ಮೇಲೆ ತೊರೆಯಂಚಿನ ನೆರಳಿನಲ್ಲಿ ಕುಪ್ಪಳಿಸುತ್ತಾ, ತರಗೆಲೆ ಕೆದಕಿ ಹುಳು ಹೆಕ್ಕುತ್ತದೆ. ಕಾಣುವುದಕ್ಕಿಂತ ಕೇಳಿಸುವುದೇ ಹೆಚ್ಚು. ಇಂಥ ಹಕ್ಕಿಯ ವಂಶ ಯಾವುದೆಂದು ತೀರ್ಮಾನವಾಗಲು ಒಂದೂ ಮುಕ್ಕಾಲು ಶತಮಾನದಷ್ಟು ಕಾಲ ಹಿಡಿಯಿತು.

ಇದನ್ನು ಮೊದಲು ವಿವರಿಸಿದವರು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್, 1840ರ ದಶಕದಲ್ಲಿ. ನೀಲಗಿರಿಯ ಈ ಹಕ್ಕಿಯನ್ನು ಅವರು ರೆಡ್‌ಸ್ಟಾರ್ಟ್‌ಗಳ ಸಾಲಿಗೆ ಸೇರಿಸಿ ‘ಫೀನಿಕ್ಯುರ ಮೇಜರ್’ ಎಂದರು. ಆಮೇಲೆ ಅದು ಹಿಮಾಲಯದ ಒಂದು ನೀಲಿ ಹಕ್ಕಿಯ ಜೊತೆಗೆ ‘ಕ್ಯಾಲೀನ್’ ಕುಲಕ್ಕೆ ಹೋಯಿತು. ಅಲ್ಲಿಂದ ಗಿಡ್ಡ ರೆಕ್ಕೆಯ ಹಕ್ಕಿಗಳ ಕುಲವಾದ ‘ಬ್ರ್ಯಾಕಿಪ್ಟೆರಿಕ್ಸ್’ಗೆ ದಾಟಿತು. ಪ್ರತಿ ಸಲವೂ ಆಧಾರ ಒಂದೇ: ಒಣಗಿಸಿಟ್ಟ ಚರ್ಮ, ಕೊಕ್ಕು, ರೆಕ್ಕೆಯ ಅಳತೆ. ದಕ್ಷಿಣದ ಹಕ್ಕಿಗೆ ಉತ್ತರದಲ್ಲೋ ಜಾವಾದಲ್ಲೋ ನೆಂಟರಿರಲೇಬೇಕೆಂಬ ನಂಬಿಕೆಯೂ ಇದರ ಹಿಂದೆ ಕೆಲಸ ಮಾಡಿದಂತೆ ನನಗೆ ತೋರುತ್ತದೆ.

ಈ ಚರಿತ್ರೆಯಲ್ಲಿ ನ್ಯಾಯ ಸಿಗಬೇಕಾದವರು ವಿಲಿಯಂ ಬ್ಲಾನ್‌ಫೋರ್ಡ್. ವೃತ್ತಿಯಲ್ಲಿ ಭೂವಿಜ್ಞಾನಿ. ಪಳನಿ ಬೆಟ್ಟಗಳಿಂದ ಬಂದ ಇಂಥದ್ದೇ ಹಕ್ಕಿಯ ಪಕ್ಕೆಯಲ್ಲಿ ಕೆಂಪಿಲ್ಲ, ಅಲ್ಲೂ ನೀಲಿಬೂದು ಬಣ್ಣವೇ ಇದೆ ಎಂಬುದನ್ನು ಗಮನಿಸಿ, 1868ರಲ್ಲಿ ಅದನ್ನು ‘ಕ್ಯಾಲೀನ್ ಆಲ್ಬಿವೆಂಟ್ರಿಸ್’ ಎಂಬ ಬೇರೆಯೇ ಪ್ರಭೇದವಾಗಿ ದಾಖಲಿಸಿದರು. ಇಪ್ಪತ್ತನೆಯ ಶತಮಾನ ಇದನ್ನು ಒಪ್ಪಲಿಲ್ಲ. ಪ್ರಭೇದಗಳನ್ನು ಕೂಡಿಸುವುದೇ ಆಗಿನ ರೂಢಿ. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿ ಅವರ ಹತ್ತು ಸಂಪುಟಗಳ ಕೈಪಿಡಿಯಲ್ಲಿ ನೀಲಗಿರಿಯದೂ ಪಳನಿಯದೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳಾಗಿ ಕುಳಿತವು. ಅವು ಮತ್ತೆ ಬೇರೆಯಾದದ್ದು 2005ರಲ್ಲಿ, ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ಅವರ ದಕ್ಷಿಣ ಏಷ್ಯಾ ಪಕ್ಷಿಗ್ರಂಥದಲ್ಲಿ. ಕುಲ ಮಾತ್ರ ಇನ್ನೊಮ್ಮೆ ಬದಲಾಗಿ ‘ಮಯೋಮೇಲ’ ಆಯಿತು.

ಚರ್ಮ ನೋಡಿ ವಾದಿಸುವ ಕಾಲ ಮುಗಿದದ್ದು ಬೆಂಗಳೂರಿನಲ್ಲಿ. ವಿ. ವಿ. ರಾಬಿನ್, ಅನಿಂದ್ಯ ಸಿನ್ಹಾ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಬೆಟ್ಟದಿಂದ ಬೆಟ್ಟಕ್ಕೆ ಈ ಹಕ್ಕಿಗಳ ಡಿಎನ್ಎ ಹೋಲಿಸಿತು. ಅತಿ ದೊಡ್ಡ ಬಿರುಕು ಕಂಡದ್ದು ಘಟ್ಟಸಾಲು ಕಡಿದುಹೋಗುವ ಪಾಲಕ್ಕಾಡ್ ಕಂಡಿಯಲ್ಲಿ. ಅದರ ವಯಸ್ಸು ಸುಮಾರು 50 ಲಕ್ಷ ವರ್ಷ. ದಕ್ಷಿಣದ ಶೆಂಕೋಟೆ ಕಂಡಿಯ ಬಿರುಕು ಅದಕ್ಕಿಂತ ಎಷ್ಟೋ ಎಳೆಯದು. ತಂಪು ಎತ್ತರವನ್ನು ಬಿಟ್ಟಿಳಿಯದ ಹಕ್ಕಿಗೆ ಬಿಸಿಲ ಬಯಲು ಸಮುದ್ರವಿದ್ದಂತೆ. ಹಾಗಾಗಿ ಪ್ರತಿ ಶಿಖರಗುಂಪೂ ತನ್ನದೇ ವಂಶವನ್ನು ಸಾಕಿಕೊಂಡಿತು. ಬ್ಲಾನ್‌ಫೋರ್ಡ್ ಕಣ್ಣಳತೆಯಲ್ಲಿ ಕಂಡದ್ದು ಸರಿಯಾಗಿತ್ತು.

2017ರಲ್ಲಿ ರಾಬಿನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಈ ಹಕ್ಕಿಗಳು ರೆಡ್‌ಸ್ಟಾರ್ಟೂ ಅಲ್ಲ, ಹಿಮಾಲಯದ ನೀಲಿ ರಾಬಿನ್ನೂ ಅಲ್ಲ; ನಿಲ್ಟಾವ, ಸಯೋರ್ನಿಸ್ ಮೊದಲಾದ ನೊಣಹಿಡುಕಗಳ ಗುಂಪಿಗೆ ಸಮೀಪದ, ಆದರೆ ಬಹು ಹಿಂದೆಯೇ ಕವಲೊಡೆದ ಬೇರೆ ಶಾಖೆ ಎಂದು ತೋರಿಸಿ, ‘ಶೋಲಿಕೋಲ’ ಎಂಬ ಹೊಸ ಕುಲ ಕಟ್ಟಿದರು. ಘಟ್ಟದ ಲಾಫಿಂಗ್ ಥ್ರಶ್‌ಗಳಿಗೂ ಅದೇ ಪ್ರಬಂಧದಲ್ಲಿ ‘ಮೊಂಟೆಸಿಂಕ್ಲ’ ಎಂಬ ಸ್ವಂತ ಕುಲ ದೊರಕಿತು. ಶೆಂಕೋಟೆಯ ದಕ್ಷಿಣದ ಅಶಂಬು ಬೆಟ್ಟಗಳ ಶೋಲಾಕಿಳಿಯನ್ನು ಮೂರನೆಯ ಪ್ರಭೇದವೆಂದೂ ಅವರು ಸೂಚಿಸಿದರು; ಅದರ ಬಗ್ಗೆ ಪಕ್ಷಿತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ.

ಇದೆಲ್ಲ ಹೆಸರಿನ ಜಗಳವಷ್ಟೇ ಎನ್ನುವವರಿದ್ದಾರೆ. ಹಾಗಲ್ಲ. ನೀಲಗಿರಿಯ ಹಕ್ಕಿ, ಪಳನಿಯ ಹಕ್ಕಿ ಎರಡನ್ನೂ ಒಂದೆಂದು ಎಣಿಸಿದಾಗ ಹಕ್ಕಿಯ ನೆಲೆ ಕೊಡಗಿನಿಂದ ಕನ್ಯಾಕುಮಾರಿಯ ಹತ್ತಿರದವರೆಗೆ ಹಬ್ಬಿದಂತೆ ಕಾಣುತ್ತಿತ್ತು. ಬೇರ್ಪಡಿಸಿದಾಗ ಪಾಲಕ್ಕಾಡ್ ಕಂಡಿಯ ಉತ್ತರದ ಪ್ರಭೇದಕ್ಕೆ ಉಳಿದದ್ದು ನೀಲಗಿರಿ, ವಯನಾಡು, ಬ್ರಹ್ಮಗಿರಿಯಂಥ ಕೆಲವೇ ಎತ್ತರಗಳು. ಆ ಎತ್ತರಗಳಲ್ಲೂ ಬ್ರಿಟಿಷರ ಕಾಲದಿಂದ ಚಹಾ, ನೀಲಗಿರಿ ಮರ, ವಾಟಲ್ ನೆಡುತೋಪುಗಳು ಶೋಲಾಗಳನ್ನು ತುಂಡುತುಂಡಾಗಿಸಿವೆ. ಈಗ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ನೀಲಗಿರಿ ಶೋಲಾಕಿಳಿ ‘ಅಳಿವಿನಂಚಿನ’ ಹಕ್ಕಿ. ಪಳನಿಯದು ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದಲ್ಲಿದೆ.

ಕರ್ನಾಟಕದ ಓದುಗರಿಗೆ ಒಂದು ಮಾತು. ಹಳೆಯ ಪಕ್ಷಿಪಟ್ಟಿಗಳಲ್ಲಿ ‘ವೈಟ್-ಬೆಲ್ಲೀಡ್ ಶಾರ್ಟ್‌ವಿಂಗ್’ ಎಂಬ ಹೆಸರು ಎರಡು ಹಕ್ಕಿಗಳಿಗೂ ಒಟ್ಟಾಗಿ ಬಳಕೆಯಾಗಿದೆ. ನಮ್ಮ ನಾಡಿನ ಯಾವುದೇ ದಾಖಲೆಯಲ್ಲಿ ಆ ಹೆಸರು ಕಂಡರೆ ಅದನ್ನು ನೀಲಗಿರಿ ಶೋಲಾಕಿಳಿ ಎಂದೇ ತಿದ್ದಿಕೊಂಡು ಓದಬೇಕು. ಪಳನಿಯ ಹಕ್ಕಿ ಪಾಲಕ್ಕಾಡ್ ಕಂಡಿಯನ್ನು ದಾಟಿ ಇತ್ತ ಬಂದಿಲ್ಲ.